ಸೆಕೆಂಡ್ ಸೆಮ್ ಕ್ಯಾಲ್ಕುಲಸ್, ಹೆಡಿಂಗ್ ಇಲ್ಲದ ಲೆಕ್ಕಗಳು

ಪಿಯುಸಿಯಲ್ಲೇ ಇಂಟಿಗ್ರೇಶನ್ ಮಾಡಿ ಮುಗಿಸಿದೀವಿ, ಇನ್ನೇನು ಹೊಸದಿರುತ್ತೆ ಅಂದ್ಕೊಂಡೇ ಬಿಎಸ್ಸಿ ಸೆಕೆಂಡ್ ಸೆಮ್ ಕ್ಯಾಲ್ಕುಲಸ್ ಕ್ಲಾಸಿಗೆ ಬಂದು ಕೂರೋದು ಎಲ್ಲರೂ. ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ, ಸಬ್‌ಸ್ಟಿಟ್ಯೂಶನ್, ಬೈ ಪಾರ್ಟ್ಸ್, ಪಾರ್ಶಿಯಲ್ ಫ್ರ್ಯಾಕ್ಷನ್ ಅನ್ನೋ ಮೆಥಡ್‌ಗಳೆಲ್ಲಾ ಗೊತ್ತಿರೋದೇ. ಆದ್ರೆ ಪುಸ್ತಕದಲ್ಲಿ ಎಕ್ಸರ್‌ಸೈಜ್ ಮೇಲೇನೇ ಹೆಡಿಂಗ್ ಇರುತ್ತಲ್ಲ, ಬೈ ಪಾರ್ಟ್ಸ್ ಅಂತ ಬರೆದಿದ್ರೆ ಕೆಳಗಿರೋ ಅಷ್ಟೂ ಲೆಕ್ಕ ಬೈ ಪಾರ್ಟ್ಸೇ, ಕಣ್ಣು ಮುಚ್ಕೊಂಡು ಮಾಡ್ಬೋದು. ಕ್ವಶ್ಚನ್ ಪೇಪರಲ್ಲಿ ಯಾರೂ ಹೆಡಿಂಗ್ ಹಾಕಿ ಕೊಡಲ್ಲ. ಕಷ್ಟ ಇರೋದು ಲೆಕ್ಕ ಮಾಡೋದ್ರಲ್ಲಿ ಅಲ್ಲವೇ ಅಲ್ಲ, ಯಾವ ಮೆಥಡ್ ಅಂತ ಆರಿಸೋದ್ರಲ್ಲಿ.

ಮೂರು ಲೆಕ್ಕ ಹೇಳ್ತೀನಿ ನೋಡಿ, ಮೂರನ್ನೂ ಇಂಟಿಗ್ರೇಟ್ ಮಾಡ್ಬೇಕು. ಒಂದು, ಎಕ್ಸ್ ಇಂಟು ಇ ಪವರ್ ಎಕ್ಸ್. ಇದಕ್ಕೆ ಬೈ ಪಾರ್ಟ್ಸ್, ಎರಡೇ ಲೈನಲ್ಲಿ (ಎಕ್ಸ್ ಮೈನಸ್ 1) ಇಂಟು ಇ ಪವರ್ ಎಕ್ಸ್ ಅಂತ ಬರುತ್ತೆ. ಎರಡು, ಎಕ್ಸ್ ಇಂಟು ಇ ಪವರ್ ಎಕ್ಸ್ ಸ್ಕ್ವೇರ್. ನೋಡೋಕೆ ಅದರ ತಮ್ಮನ ಥರಾನೇ ಇದೆ, ಆದ್ರೆ ಇಲ್ಲಿ ಬೈ ಪಾರ್ಟ್ಸ್ ಹಿಡ್ಕೊಂಡು ಹೋದ್ರೆ ಪೇಜ್ ತುಂಬುತ್ತೆ, ಉತ್ತರ ಬರಲ್ಲ. ಎಕ್ಸ್ ಸ್ಕ್ವೇರನ್ನ ಟಿ ಅಂತ ಇಟ್ಟುಬಿಟ್ರೆ ಮುಂದೆ ಇರೋ ಎಕ್ಸ್ ತಾನೇ ಕರಗೋಗಿ ಅರ್ಧ ಇ ಪವರ್ ಎಕ್ಸ್ ಸ್ಕ್ವೇರ್ ಸಿಗುತ್ತೆ. ಮೂರನೇದು ಬರೀ ಇ ಪವರ್ ಎಕ್ಸ್ ಸ್ಕ್ವೇರ್, ಮುಂದಿದ್ದ ಎಕ್ಸ್ ತೆಗೆದಿದೀವಿ ಅಷ್ಟೇ, ಇನ್ನೂ ಸುಲಭ ಆಗ್ಬೇಕಿತ್ತು ತಾನೆ? ಆಗಲ್ಲ. ನಮಗೆ ಗೊತ್ತಿರೋ ಸೈನ್, ಲಾಗ್, ಎಕ್ಸ್‌ಪೊನೆನ್ಶಿಯಲ್ ಯಾವುದನ್ನ ಹೇಗೆ ಸೇರಿಸಿದ್ರೂ ಇದರ ಉತ್ತರ ಬರೆಯೋಕೆ ಆಗೋದೇ ಇಲ್ಲ, ಇಂಥಾದ್ದು ಆಗಲ್ಲ ಅಂತ ಪ್ರೂವ್ ಮಾಡೋ ದಾರಿಯನ್ನ 1830ರ ದಶಕದಲ್ಲಿ ಲಿಯೂವಿಲ್ ಅನ್ನೋ ಫ್ರೆಂಚ್ ಗಣಿತಜ್ಞ ಹಾಕ್ಕೊಟ್ಟ. ತಮಾಷೆ ಏನಂದ್ರೆ ಪವರ್‌ಗೆ ಒಂದು ಮೈನಸ್ ಹಾಕಿ, ಮೈನಸ್ ಇನ್ಫಿನಿಟಿಯಿಂದ ಪ್ಲಸ್ ಇನ್ಫಿನಿಟಿವರೆಗೂ ಲಿಮಿಟ್ ಕೊಟ್ರೆ ಉತ್ತರ ನೀಟಾಗಿ ರೂಟ್ ಪೈ. ದಾರಿ ಮಧ್ಯೆ ಎಲ್ಲೋ ಒಂದು ಕಡೆವರೆಗಿನ ಲೆಕ್ಕ ಕೇಳಿದ್ರೆ ಫಾರ್ಮುಲಾ ಇಲ್ಲ, ಪೂರ್ತಿ ದಾರಿದು ಕೇಳಿದ್ರೆ ಇದೆ!

ಡಿಫರೆನ್ಸಿಯೇಶನ್ ಅಂದ್ರೆ ಕಾಫಿ ಪಲ್ಪರ್ ಇದ್ದಂಗೆ, ಹಣ್ಣು ಸುರಿದು ತಿರುಗಿಸಿದ್ರೆ ಬೀಜ ಬಂದೇ ಬರುತ್ತೆ. ಇಂಟಿಗ್ರೇಶನಲ್ಲಿ ಬೀಜ ಕೈಗೆ ಕೊಟ್ಟು ಹಣ್ಣು ಹೆಂಗಿತ್ತು ಹೇಳು ಅಂತಾರೆ.

ಅದಕ್ಕೆ ನಾನು ಮಾಡ್ತಿರೋದು ಇಷ್ಟೆ: ಬೇರೆ ಬೇರೆ ಎಕ್ಸರ್‌ಸೈಜಿಂದ ಲೆಕ್ಕ ಎತ್ತಿ ಚೀಟಿ ಬರೆದು ಡಬ್ಬಿಯಲ್ಲಿ ಕಲೆಸಿ ಇಟ್ಕೊಂಡಿದೀನಿ. ಕುಶಾಲನಗರದಿಂದ ಮಡಿಕೇರಿಗೆ ಬಸ್ಸಲ್ಲಿ ಹೋಗ್ತಾ ಒಂದೊಂದೇ ಚೀಟಿ ತೆಗೆದು ಯಾವ ಮೆಥಡ್ ಅಂತ ಮಾತ್ರ ಹೇಳ್ಕೊಳ್ಳೋದು, ಲೆಕ್ಕ ಮಾಡಲ್ಲ, ಸುಂಟಿಕೊಪ್ಪ ದಾಟಿದ ಮೇಲೆ ಆ ತಿರುವುಗಳಲ್ಲಿ ಪೆನ್ ಹಿಡಿದು ಬರೆಯೋಕೆ ಸಾಧ್ಯಾನೂ ಇಲ್ಲ ಬಿಡಿ. ಒಂದೇ ಚಾಪ್ಟರಿಂದು ಐವತ್ತು ಲೆಕ್ಕ ಮಾಡೋದಕ್ಕಿಂತ ಇದು ಎಷ್ಟೋ ಮೇಲು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಡೆಫಿನಿಟ್ ಇಂಟಿಗ್ರಲ್ ಅಂದ್ರೆ ಏನು ಅನ್ನೋದಕ್ಕೆ ನಮ್ಮ ಕಡೆಯೋರಿಗೆ ಹಾರಂಗಿ ಡ್ಯಾಮಿಗಿಂತ ಒಳ್ಳೇ ಉದಾಹರಣೆ ಬೇಡ. ಮಳೆ ಹಿಡಿದ್ರೆ ಸಾಕು ಅಜ್ಜ ಬೆಳಗಾಗೆದ್ದು "ಮೊಬೈಲಲ್ಲಿ ನೋಡು ಮಗಾ, ಒಳಹರಿವು ಎಷ್ಟಂತೆ?" ಅಂತ ಕೇಳ್ತಾರೆ. ಒಳಹರಿವು ಕ್ಯುಸೆಕ್ಸಲ್ಲಿ, ಅಂದ್ರೆ ಸೆಕೆಂಡಿಗೆ ಎಷ್ಟು ಘನ ಅಡಿ ಅಂತ, ಅದು ರೇಟ್. ಡ್ಯಾಮಲ್ಲಿ ಇರೋ ನೀರು ಟಿಎಂಸಿಯಲ್ಲಿ, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಅದು ಒಟ್ಟು. ಒಂದು ದಿನಕ್ಕೆ 86,400 ಸೆಕೆಂಡು, ಹಂಗಾಗಿ ಇಡೀ ದಿನ ಒಂದೇ ಸಮ 11,574 ಕ್ಯುಸೆಕ್ಸ್ ಬಂದ್ರೆ ಸರಿಸುಮಾರು 1 ಟಿಎಂಸಿ. ಆದ್ರೆ ಒಂದೇ ಸಮ ಎಲ್ಲಿ ಬರುತ್ತೆ? ರಾತ್ರಿ ಮಡಿಕೇರಿ ಕಡೆ ಹೊಡೆದ್ರೆ ಏರುತ್ತೆ, ಮಧ್ಯಾಹ್ನ ಹೊಳವಾದ್ರೆ ಇಳಿಯುತ್ತೆ, ಆಗ ಗುಣಾಕಾರ ಸಾಲಲ್ಲ, ಒಳಹರಿವಲ್ಲಿ ಹೊರಹರಿವು ಕಳೆದು ಗ್ರಾಫ್ ಹಾಕಿ ಅದರ ಕೆಳಗಿನ ಏರಿಯಾ ತಗೋಬೇಕು. ಅಷ್ಟು ಮಾಡಿದ್ರೂ ಡ್ಯಾಮಲ್ಲಿ ಎಷ್ಟಿದೆ ಅಂತ ಗೊತ್ತಾಗಲ್ಲ, ಎಷ್ಟು ಸೇರ್ತು ಅಂತ ಮಾತ್ರ. ನಿನ್ನೆ ಇದ್ದ ನೀರನ್ನ ಕೂಡಿಸ್ಬೇಕಲ್ಲ, ಆ ಪ್ಲಸ್ ಸಿ ಅಂತ ಎಲ್ಲರೂ ಕೊನೇಲಿ ಮರೆತು ಮಾರ್ಕ್ಸ್ ಕಳ್ಕೊಳ್ತಾರಲ್ಲ, ಅದೇ ಇದು.

ಆಮೇಲೆ ಸೀರೀಸ್. ಕ್ಲಾಸಲ್ಲಿ ಅರ್ಧ ಜನಕ್ಕೆ ಇದು ಬೋರು, ನನಗೆ ಇಡೀ ಸೆಮ್‌ನಲ್ಲಿ ಇಷ್ಟ ಆಗಿದ್ದೇ ಇದು. 1 + 1/2 + 1/3 + 1/4 ಅಂತ ಕೂಡಿಸ್ತಾ ಹೋಗಿ, ಸೇರಿಸೋದು ಸೊನ್ನೆ ಹತ್ರ ಹತ್ರ ಬರ್ತಾ ಇರುತ್ತೆ, ಆದ್ರೂ ಮೊತ್ತ ಎಲ್ಲೂ ನಿಲ್ಲಲ್ಲ. 1/3 + 1/4 ಅರ್ಧಕ್ಕಿಂತ ಜಾಸ್ತಿ, 1/5 ರಿಂದ 1/8 ರವರೆಗೆ ಕೂಡಿದ್ರೆ ಮತ್ತೆ ಅರ್ಧಕ್ಕಿಂತ ಜಾಸ್ತಿ, ಹಿಂಗೇ ಅರ್ಧ ಅರ್ಧ ಸೇರ್ತಾನೇ ಹೋಗುತ್ತೆ, 14ನೇ ಶತಮಾನದಲ್ಲೇ ಒರೆಮ್ ಅನ್ನೋ ಫ್ರೆಂಚ್ ಪಂಡಿತ ತೋರಿಸಿದ ದಾರಿ ಇದು. ಆದ್ರೆ ಎಷ್ಟು ನಿಧಾನ ಅಂದ್ರೆ 10 ದಾಟೋಕೆ 12,367 ಟರ್ಮ್ ಬೇಕು. ಕ್ಯಾಲ್ಕುಲೇಟರ್ ಒತ್ತಿ ನೋಡಿದ್ರೆ ನಿಂತೇ ಹೋಯ್ತು ಅನ್ಸುತ್ತೆ, ಅದಕ್ಕೇ ಮೊತ್ತ ನಿಲ್ಲುತ್ತಾ ಇಲ್ವಾ ಅಂತ ಹೇಳೋ ಟೆಸ್ಟ್‌ಗಳು ಬೇಕಾಗೋದು, ಕಂಪ್ಯಾರಿಸನ್, ರೇಶಿಯೋ, ರೂಟ್, ಮತ್ತೆ ಅದೇ ಕಥೆ, ಯಾವುದನ್ನ ಆರಿಸೋದು ಅಂತ.

ಪಕ್ಕದೂರಿನ ವಿಷಯ ಒಂದು ಹೇಳ್ಬಿಡ್ತೀನಿ. ಕುಟ್ಟ ದಾಟಿದ್ರೆ ಕೇರಳ ಅಲ್ವಾ, ಅಲ್ಲಿ ಸುಮಾರು 1340ರಲ್ಲಿ ಹುಟ್ಟಿದ ಸಂಗಮಗ್ರಾಮದ ಮಾಧವ ಅನ್ನೋ ಗಣಿತಜ್ಞರಿಗೆ 1 − 1/3 + 1/5 − 1/7 ಹಿಂಗೆ ಹೋದ್ರೆ ಪೈ ಬೈ 4 ಬರುತ್ತೆ ಅಂತ ಗೊತ್ತಿತ್ತು, ಲೈಬ್ನಿಟ್ಸ್ ಹೆಸರಲ್ಲಿ ನಾವು ಓದೋದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ. ಈ ಸೀರೀಸೂ ಸಖತ್ ನಿಧಾನ, 10 ಟರ್ಮ್ ಕೂಡಿ ನಾಲ್ಕರಿಂದ ಗುಣಿಸಿದ್ರೆ 3.0418 ಬರುತ್ತೆ, ಪೈ ಅನ್ನೋಕೆ ನಾಚಿಕೆ ಆಗ್ಬೇಕು. ಆದ್ರೆ ಅವರ ಪರಂಪರೆಯೋರು ಅಷ್ಟಕ್ಕೇ ಬಿಡ್ಲಿಲ್ಲ, ಬಿಟ್ಟುಹೋದ ಬಾಲಕ್ಕೆ ಒಂದು ಕರೆಕ್ಷನ್ ಹಾಕಿದ್ರು: ಎನ್ ಟರ್ಮ್ ಕೂಡಿ ನಿಲ್ಸಿದ್ರೆ 1 ಬೈ 4 ಎನ್, ಮುಂದಿನ ಟರ್ಮ್‌ನ ಚಿಹ್ನೆ ಜೊತೆ. ಹತ್ತಕ್ಕೆ 1/40, ಅದನ್ನ ನಾಲ್ಕರಿಂದ ಗುಣಿಸಿದ್ರೆ 0.1, ಕೂಡಿಸಿ, 3.1418. ಮೂರು ದಶಮಾಂಶ ಸರಿಯಾಯ್ತು! ಇದು ಇಂಟರ್ನಲ್ಸ್‌ಗೆ ಬರಲ್ಲ, ಆದ್ರೂ ಮನೇಲಿ ಕರೆಂಟ್ ಹೋದಾಗ ಮೊಬೈಲ್ ಕ್ಯಾಲ್ಕುಲೇಟರಲ್ಲಿ 20 ಟರ್ಮ್‌ಗೆ ಮಾಡಿ ನೋಡಿ, ಆಗ ಸೇರಿಸ್ಬೇಕಾಗಿರೋದು 1/80.