ಕಡ್ಲಿ ಹೊಲ ನೋಡಾಕಂತ ಅಣ್ಣಿಗೇರಿ ಕಡೆ ಹೋಗಿ ಬಂದಿದ್ದು

ಹೋದ ವರ್ಷ ನಮ್ಮ ಎರಡೆಕರೆ ಕಡ್ಲಿ ಹಾಳಾಗಿದ್ದು ಮನಸ್ಸಿನಿಂದ ಇನ್ನೂ ಹೋಗಿಲ್ಲ. ಶಿಗ್ಗಾಂವಿ ಕಡೆ ನಾವು ಗೋವಿನಜೋಳ, ಸೋಯಾಬೀನ್ ಬೆಳೆಯೋರು, ಕಡ್ಲಿ ನಮಗೆ ಹೊಸದು. ಬಿತ್ತಿ 25 ದಿನಕ್ಕೆ ಕಸ ಕಡ್ಲಿಗಿಂತ ಎತ್ತರ ಆಗಿತ್ತು, ಅಂಗಡಿಗೆ ಹೋಗಿ ಕೇಳಿದ್ರೆ ಸೋಯಾಬೀನ್‌ಗೆ ಹೊಡಿಯೋ ಇಮಾಜೆಥಾಪೈರ್ ಅನ್ನೋ ಕಸದ ಔಷಧ ಕೊಟ್ರು, ಎರಡೂ ಕಾಳಿನ ಬೆಳೆ, ಏನೂ ಆಗಲ್ಲ ಅಂದ್ರು, ನಾನೂ ನಂಬಿ ಹೊಡೆದೆ. ವಾರದೊಳಗೆ ಗಿಡ ಹಳದಿ ತಿರುಗಿ ಕುಂತಲ್ಲೇ ಕುಂತ್ವು, ಎಲೆ ಸಣ್ಣಗಾದ್ವು, ಹೂವು ತಡವಾಗಿ ಬಂತು, ಅಷ್ಟೊತ್ತಿಗೆ ನೆಲದಾಗಿನ ಹಸಿ ಮುಗಿದಿತ್ತು.

ಈ ಸಲ ಬಿತ್ತೋಕೆ ಮುಂಚೆ, ಕಡ್ಲಿಯನ್ನೇ ನಂಬಿ ಬದುಕೋರ ಊರಿಗೆ ಹೋಗಿ ಕಣ್ಣಾರೆ ನೋಡಿ ಬರೋಣ ಅಂತ ನವೆಂಬರ್ ಮೊದಲ ವಾರ ಹೊರಟೆ. ಅಣ್ಣಿಗೇರಿ ಹತ್ರ ನನ್ನ ಹೆಂಡ್ತಿ ತಂಗಿ ಮನೆ ಇದೆ. ಹುಬ್ಬಳ್ಳಿಯಿಂದ ಗದಗ ಬಸ್ ಹತ್ತಿ ಭಂಡಿವಾಡ, ನಲವಡಿ ದಾಟಿದ್ಮೇಲೆ ನೆಲದ ಬಣ್ಣನೇ ಬೇರೆ. ಕಣ್ಣು ಹಾಯಿಸಿದಷ್ಟು ದೂರ ಕರಿ ಮಣ್ಣಿನ ಎರಿ ಹೊಲ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಉಳಿದಿದ್ದೆಲ್ಲ ಬಿಳಿಜೋಳ, ಕುಸುಬಿ, ಕಡ್ಲಿ. ಅಣ್ಣಿಗೇರಿ-1 ಅನ್ನೋ ಕಡ್ಲಿ ತಳಿಗೆ ಈ ಊರಿನದೇ ಹೆಸರು, ಈಗ ಅದರಲ್ಲೇ ಸೊರಗು ರೋಗ ತಡೆಯೋ ಸೂಪರ್ ಅಣ್ಣಿಗೇರಿ-1 ಬಂದಿದೆ. ನಮ್ಮ ಮನೆಯವರ ಕಾಕಾ ಮಾತ್ರ ಜೆ.ಜಿ.-11 ಅನ್ನೋ ಇನ್ನೊಂದು ತಳಿ ಬಿತ್ತಿದ್ರು.

ಅಮೃತೇಶ್ವರ ಗುಡಿಗೆ ಹೋಗಿ ಕೈ ಮುಗಿದು, ರೊಟ್ಟಿ ಉಂಡು ಹೊಲಕ್ಕೆ ಹೋಗೋ ಹೊತ್ತಿಗೆ ಹನ್ನೊಂದು. ಇಬ್ಬನಿ ಆರಬೇಕು, ಅಲ್ಲಿ ತನಕ ಕಡ್ಲಿ ಹೊಲದಾಗ ಕಾಲಿಡಬಾರದು ಅಂತ ಕಾಕಾ ಬಿಟ್ಟಿರಲಿಲ್ಲ, ಕಡ್ಲಿ ಎಲೆಯಿಂದ ಒಸರೋ ಹುಳಿ ಇಬ್ಬನಿ ಜೊತೆ ಕಾಲಿಗೆ ಹತ್ತಿದ್ರೆ ಚರ್ಮ ಉರಿತದೆ. ಹಿಂದೆ ಚಳಿಗಾಲದಾಗ ಕಡ್ಲಿ ಮೇಲೆ ರಾತ್ರಿ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿ ಬಾಟಲಿಗೆ ತುಂಬಿಡ್ತಿದ್ರಂತೆ, ಹೊಟ್ಟೆನೋವಿಗೆ ಔಷಧ ಅಂತ.

ಹೊಲ ನೋಡಿ ಹೊಟ್ಟೆ ಉರೀತು ಅಂದ್ರೆ ಸುಳ್ಳಲ್ಲ. 28 ದಿನದ ಬೆಳೆ, ಸಾಲಿನ ನಡುವೆ ಕರಿ ಮಣ್ಣು ಸ್ವಚ್ಛ ಕಾಣ್ತಿದೆ. ನನ್ನ ಕಥೆ ಹೇಳಿದೆ.

"ಅಲ್ಲೋ ತಮ್ಮಾ, ಕಡ್ಲಿ ಹುಟ್ಟಿದ ಮ್ಯಾಲೆ ಅಗಲ ಎಲಿ ಕಸಕ್ಕ ಎಣ್ಣಿ ಹುಡುಕಬಾರದು, ಕಡ್ಲಿನೂ ಅಗಲ ಎಲಿದs ಐತಲ್ಲ, ಆ ಕಸಾ ಸಾಯೋ ಎಣ್ಣಿ ಭಾಳಷ್ಟು ಇದಕ್ಕೂ ಏಟ ಕೊಡ್ತಾವ. ಎಣ್ಣಿ ಹೊಡಿಯೋದಿದ್ರ ಬಿತ್ತಿದ ದಿನ, ಇಲ್ಲಾ ಮರುದಿನ, ಭಾಳಂದ್ರ ಮೂರನೇ ದಿನ."

ಕಾಕಾ ಎಣ್ಣಿ ಅಂದಿದ್ದು ಕಸದ ಔಷಧಕ್ಕೆ, ಬಿತ್ತಿದ ಕೂಡಲೇ ಹೊಡಿಯೋದು ಅಂದ್ರೆ ಪೆಂಡಿಮೆಥಾಲಿನ್. ಡಬ್ಬಿ ಮೇಲೆ 30 ಇ.ಸಿ. ಅಂತಿದ್ರೆ ಎಕರೆಗೆ 1.3 ಲೀಟರ್, 38.7 ಸಿ.ಎಸ್. ಅಂತಿದ್ರೆ 700 ಎಂ.ಎಲ್., ನೀರು ಮಾತ್ರ 200 ಲೀಟರ್‌ಗೆ ಕಡಿಮೆ ಮಾಡಬಾರದು. ನಾನು ಅಲ್ಲೇ ಲೆಕ್ಕ ಹಾಕಿದೆ, 16 ಲೀಟರಿನ ಟ್ಯಾಂಕಿಗೆ 30 ಇ.ಸಿ. ಆದ್ರೆ ಸುಮಾರು 100 ಎಂ.ಎಲ್., ನಮ್ಮ ಕಡೆ ಟ್ಯಾಂಕಿಗೆ 50 ಹಾಕಿ ಆರು ಟ್ಯಾಂಕಿನಲ್ಲಿ ಎಕರೆ ಮುಗಿಸಿಬಿಡ್ತೀವಿ, ಆಮೇಲೆ ಔಷಧನೇ ಡೂಪ್ಲಿಕೇಟ್ ಅಂತೀವಿ. ಈ ಔಷಧ ಮಣ್ಣಿನ ಮೇಲ್ಪದರದಲ್ಲಿ ಒಂದು ಪೊರೆ ಹಾಗೆ ಕೂರ್ತದೆ, ಅಲ್ಲಿ ಮೊಳಕೆ ಒಡಿಯೋ ಕಸದ ಬೀಜದ ಬೇರು, ಕುಡಿ ಎರಡೂ ಬೆಳೆಯೋಕೆ ಬಿಡಲ್ಲ. ಕಡ್ಲಿ ಕೂರಿಗೆಯಲ್ಲಿ ಎರಡು-ಮೂರು ಇಂಚು ಆಳಕ್ಕೆ ಬಿದ್ದಿರೋದರಿಂದ ಅದಕ್ಕೆ ತಾಗಲ್ಲ. ಹಾಗಾಗಿ ಹಿಂದಕ್ಕೆ ಹೆಜ್ಜೆ ಇಡ್ತಾ ಹೊಡೀಬೇಕು, ಹೊಡೆದ ಜಾಗ ತುಳಿದ್ರೆ ಆ ಪೊರೆ ಒಡೀತದೆ. ನಾಝಲ್ ಕೂಡ ಬೀಸಣಿಗೆ ಹಾಗೆ ಚಪ್ಪಟೆ ಬೀಳೋದು ಬೇಕು, ಹುಳದ ಔಷಧ ಹೊಡಿಯೋ ದುಂಡನೆದು ಬೇಡ.

ಎಲ್ಲಕ್ಕಿಂತ ಮುಖ್ಯ ಹಸಿ. ಮೇಲ್ಮಣ್ಣು ಒಣಗಿದ್ರೆ ಎಷ್ಟು ಹೊಡೆದ್ರೂ ಔಷಧ ಸರಿಯಾಗಿ ಕೆಲಸ ಮಾಡಲ್ಲ. ಹಿಂಗಾರಿ ಅಂದ್ರೆ ನೆಲದೊಳಗಿನ ಹಸಿ ನಂಬಿ ಬರೋ ಬೆಳೆ, ಮೇಲೆ ಒಣಗಿ ಕೆಳಗೆ ಹಸಿ ಇರೋ ವರ್ಷಗಳೇ ಜಾಸ್ತಿ, ಅಂಥ ವರ್ಷ ಕಾಕಾ ಎಣ್ಣಿ ದುಡ್ಡು ಖರ್ಚೇ ಮಾಡಲ್ಲ, ಸೀದಾ ಎಡೆಕುಂಟಿ, ಅಂದ್ರೆ ಎತ್ತು ಹೂಡಿ ಸಾಲಿನ ನಡುವಿನ ಕಸ ಕೆರೆಯೋದು. ಇದು ನನಗೆ ಯಾರೂ ಹೇಳಿರಲಿಲ್ಲ.

ಬದುವಿನ ಆಚೆ ಬೇರೆಯವರ ಹೊಲ, ಅದೇ ಔಷಧ, ಅದೇ ಪ್ರಮಾಣ, ಆದ್ರೆ ಆಳು ಸಿಗಲಿಲ್ಲ ಅಂತ ಆರನೇ ದಿನ ಹೊಡೆದಿದ್ರು. ಅಲ್ಲಿ ಕಾಂಗ್ರೆಸ್ ಕಸ ಮೊಣಕಾಲಿಗೆ ಬಂದಿತ್ತು. ಹುಟ್ಟಿದ ಕಸಕ್ಕೆ ಆ ಔಷಧ ಏನೂ ಮಾಡಲ್ಲ. ಮೂರು ದಿನದ ವ್ಯತ್ಯಾಸ ಬದುವಿನ ಮೇಲೆ ನಿಂತು ನೋಡಿದೆ, ಎಡಕ್ಕೆ ಕಡ್ಲಿ, ಬಲಕ್ಕೆ ಕಸ.

ಹಾಗಂತ ಕಾಕಾನ ಹೊಲದಲ್ಲಿ ಕಸ ಇರಲೇ ಇಲ್ಲ ಅಂತಲ್ಲ. ಕರಿಕೆ, ಜೇಕು ಅಲ್ಲಲ್ಲಿ ಇದ್ವು, ಅವು ಬೀಜದಿಂದಲ್ಲ, ಬೇರು-ಗೆಡ್ಡೆಯಿಂದ ಬರೋವು, ಪೆಂಡಿಮೆಥಾಲಿನ್‌ಗೆ ಬಗ್ಗಲ್ಲ. ಹುಲ್ಲಿನ ಜಾತಿ ಜಾಸ್ತಿ ಆದ್ರೆ ಕ್ವಿಜಾಲೊಫಾಪ್ ಅನ್ನೋ ಔಷಧ ಇದೆ, ಅದು ಹುಲ್ಲಿಗೆ ಮಾತ್ರ, ಜೇಕಿಗೂ ಇಲ್ಲ, ಕಾಂಗ್ರೆಸ್ ಕಸಕ್ಕೂ ಇಲ್ಲ. ಉಳಿದಿದ್ದಕ್ಕೆ ಜೋಡೆತ್ತು. ಒಂದಡಿ ಸಾಲಿನ ನಡುವೆ ಒಂದು ಎಡೆ ಆಗಲೇ ಹೊಡೆದಾಗಿತ್ತು. ಕಡ್ಲಿ ಮೊದಲು ನಿಧಾನ ಬೆಳೀತದೆ, ಆ ಮೊದಲ ಒಂದೂವರೆ-ಎರಡು ತಿಂಗಳು ಕಾಯ್ದುಕೊಟ್ರೆ ಆಮೇಲೆ ಹರಡಿ ನೆಲ ಮುಚ್ಚಿ ತಾನೇ ಕಸ ತಡೀತದೆ.

ಹೊಲದ ಒಂದು ತುದಿಗೆ ನಾಲ್ಕು ಸಾಲು ಮಾತ್ರ ಕಸದಾಗ ಮುಳುಗಿದ್ವು, ಇಬ್ಬರು ಹೆಣ್ಮಕ್ಕಳು ಕುಂತು ಕೈಲೇ ಕೀಳ್ತಿದ್ರು. ಯಾಕ್ರೀ ಅಕ್ಕಾರ ಇಷ್ಟು ಬಿಟ್ಟೀರಿ ಅಂತ ಕೇಳಿದೆ. "ಪಲ್ಯಕ್ಕರಿ. ಇಷ್ಟಕ್ಕ ಎಣ್ಣಿ ಹೊಡಸಂಗಿಲ್ಲ ನಾವು, ಕುಡಿ ಚೂಟಿ ಮನ್ಯಾಗ ಹುಡುಗ್ರು ತಿಂತಾವ" ಅಂದ್ರು. ಹೋದ ವರ್ಷ ಔಷಧ ಹೊಡೆದ ನಾಲ್ಕೈದು ದಿನಕ್ಕೇ ನಮ್ಮವ್ವ ಅದೇ ಹೊಲದಿಂದ ಕುಡಿ ತಂದು ಪಲ್ಯ ಮಾಡಿದ್ಲು, ನಾವೆಲ್ಲ ಉಂಡಿದ್ವಿ. ಅದು ನೆನಪಾಗಿ ಸ್ವಲ್ಪ ಹೊತ್ತು ಮಾತಾಡೋಕೆ ಆಗಲಿಲ್ಲ.

ಹೊರಡೋವಾಗ ಕಾಕಾ ಇನ್ನೊಂದು ಕೇಳಿದ್ರು, ಮುಂಗಾರಿಗೆ ಗೋವಿನಜೋಳಕ್ಕೆ ಅಟ್ರಾಜಿನ್ ಅನ್ನೋ ಕಸದ ಔಷಧ ಹೊಡೆದೀಯೇನು ಅಂತ. ಹೌದು ಅಂದೆ. ಅದು ಮಣ್ಣಲ್ಲಿ ಉಳಿದಿದ್ರೆ ಕಡ್ಲಿಗೆ ಏಟು, ಮೊದಲು ಆ ಹೊಲದ ಒಂದು ಬುಟ್ಟಿ ಮಣ್ಣಲ್ಲಿ ಹತ್ತು ಕಾಳು ಹಾಕಿ ನೋಡು ಅಂದ್ರು.

ಈಗ ಪಡಸಾಲೆಯಲ್ಲಿ ಬುಟ್ಟಿ ಇಟ್ಟೀನಿ, ಒಂಬತ್ತು ಕಾಳು ಮೊಳಕೆ ಬಂದಿವೆ, ಎಲೆ ಸುಡ್ತವೋ ಏನೋ ಅಂತ ಇನ್ನೂ ನಾಲ್ಕು ದಿನ ನೋಡ್ತೀನಿ. ಬೋರ್ ನೀರು ಹಾಯಿಸಿ ಹದ ಮಾಡಿ ಬಿತ್ತೋದು, ಎಣ್ಣಿ, ನಾಝಲ್, ಆಳು ಮೂರೂ ಬಿತ್ತೋಕೆ ಮುಂಚೆನೇ ರೆಡಿ. ಮನೆ ಕಡೆಯ ನಾಲ್ಕು ಸಾಲಿಗೆ ನಮ್ಮವ್ವ ಈಗಲೇ ಗೂಟ ಹೊಡೆದಾಳೆ.