ಭರಣಿಯ ಮುರುಗಲು, ಅಟ್ಟದ ಉಪ್ಪಾಗೆ

ಮೇ ತಿಂಗಳು ಬಂತೆಂದರೆ ಶಿರಸಿ ಸೀಮೆಯ ನಮ್ಮ ಮನೆಯ ಅಂಗಳದ ಬಿಸಿಲಿಗೆ ಗಾಜಿನ ಭರಣಿಗಳು ಬಂದು ಕೂರುತ್ತವೆ. ಮುರುಗಲು, ಅಂದರೆ ಕೋಕಂ ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಯಲ್ಲಿ ಸಕ್ಕರೆ ತುಂಬಿ ಒಂದರ ಮೇಲೊಂದು ಪೇರಿಸಿ, ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟರೆ ನಮ್ಮ ಕೆಲಸ ಮುಗಿಯಿತು. ಮರುದಿನ ಸಂಜೆಯ ಹೊತ್ತಿಗೆ ತಳದಲ್ಲಿ ಎರಡು ಬೆರಳಿನಷ್ಟು ಕಡುಗೆಂಪು ರಸ ನಿಂತಿರುತ್ತದೆ. ಒಂದು ವಾರದಲ್ಲಿ ಸಕ್ಕರೆ ಪೂರ್ತಿ ಕರಗಿ, ಸಿಪ್ಪೆಗಳು ಸುಕ್ಕುಗಟ್ಟಿ ಚರ್ಮದ ಚೂರಿನಂತಾಗುತ್ತವೆ. ಸೌದೆ ಇಲ್ಲ, ವಿದ್ಯುತ್ ಇಲ್ಲ, ಹೊರಗಿನಿಂದ ಒಂದು ಲೋಟ ನೀರನ್ನೂ ಸೇರಿಸಿರುವುದಿಲ್ಲ.

ಊರಿಗೆ ಮರಳುವ ಮೊದಲು ನಾನು ಸಸ್ಯಸಾರ ತೆಗೆಯುವ ಒಂದು ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದೆ. ಅಲ್ಲಿ ಎಣ್ಣೆಯ ಅಂಶವುಳ್ಳ ಯಾವುದೇ ಬೀಜ ಬಂದರೂ ಅದನ್ನು ತೋಯಿಸುತ್ತಿದ್ದುದು ಹೆಕ್ಸೇನ್ ಎಂಬ ದ್ರಾವಕದಲ್ಲಿ. ಅದು ಪೆಟ್ರೋಲಿಯಂನಿಂದ ಬರುವ ವಸ್ತು. ಎಣ್ಣೆಯನ್ನು ಬೇಗ ಕರಗಿಸಿಕೊಳ್ಳುತ್ತದೆ, ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಬೇರ್ಪಡುತ್ತದೆ. ಆದರೆ ಬೆಂಕಿಯ ಭಯ ಸದಾ ಇದ್ದದ್ದೇ, ಮತ್ತು ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರ ಕೈಕಾಲುಗಳ ನರಗಳು ದುರ್ಬಲವಾಗುತ್ತವೆ ಎಂಬುದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ನಾವು ಮುಖಗವಸು ಕೇಳಿದಾಗ ಮೇಲಿನವರಿಂದ ಬಂದದ್ದು ‘ಮುಂದಿನ ತಿಂಗಳು’ ಎಂಬ ಉತ್ತರ. ಆ ತಿಂಗಳು ಬರುವ ಮೊದಲೇ ನಾನು ಕೆಲಸ ಬಿಟ್ಟೆ.

ಭರಣಿಯಲ್ಲಿ ನಡೆಯುವುದು ಮೇಲ್ನೋಟಕ್ಕೆ ಸರಳ. ಹೊರಗಿನ ಸಕ್ಕರೆ ಸಿಪ್ಪೆಯ ಜೀವಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ನೀರನ್ನು ಕಳೆದುಕೊಂಡ ಕೋಶಗಳು ಕುಸಿಯುತ್ತವೆ, ಆಗ ಕೆಂಪು ಬಣ್ಣದ ಆಂಥೋಸಯಾನಿನ್ ಮತ್ತು ಹುಳಿ ಎರಡೂ ರಸಕ್ಕಿಳಿಯುತ್ತವೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು ಸಂಗತಿ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಗಿಡದ ಕೋಶದೊಳಗೆ ನೀರು ಮತ್ತು ಕೊಬ್ಬು ಎಂಬ ಎರಡು ಮಾಧ್ಯಮಗಳಲ್ಲದೆ, ಸಕ್ಕರೆ, ಹಣ್ಣಿನ ಹುಳಿ, ಅಮೈನೋ ಆಮ್ಲಗಳು ಪರಸ್ಪರ ಬೆರೆತು ಆಗುವ ಮೂರನೆಯದೊಂದು ದ್ರವ ಇರಬಹುದು, ನೀರಿನಲ್ಲಿ ಸುಲಭವಾಗಿ ಕರಗದ ಎಷ್ಟೋ ವಸ್ತುಗಳು ಅದರಲ್ಲಿ ಕರಗಿರಬಹುದು. ಬೇರೆ ಬೇರೆಯಾಗಿದ್ದಾಗ ಘನವಾಗಿರುವ ಸಕ್ಕರೆ ಮತ್ತು ಹುಳಿ ತಕ್ಕ ಪ್ರಮಾಣದಲ್ಲಿ ಸೇರಿದಾಗ ಜೇನಿನಂಥ ದ್ರವವಾಗುವ ಈ ಗುಣವನ್ನು ಬಳಸಿ ಬಣ್ಣ ಮತ್ತು ಔಷಧೀಯ ಅಂಶಗಳನ್ನು ತೆಗೆಯುವ ಪ್ರಯೋಗಗಳು ಆಮೇಲೆ ಬಹಳ ನಡೆದಿವೆ. ನಮ್ಮ ಭರಣಿಯ ರಸದಲ್ಲಿ ನೀರಿನ ಪಾಲು ಹೆಚ್ಚಾದ್ದರಿಂದ ಅದನ್ನು ಆ ವರ್ಗಕ್ಕೆ ನೇರವಾಗಿ ಸೇರಿಸುವಂತಿಲ್ಲ. ಆದರೂ ಸಕ್ಕರೆ ಮತ್ತು ಹುಳಿ ಜೊತೆಗೂಡಿ ಬಣ್ಣವನ್ನು ಹಿಡಿದಿಡುವ ರೀತಿಯಲ್ಲಿ ಇವೆರಡೂ ಹತ್ತಿರದ ನೆಂಟರು.

ಹೋದ ವರ್ಷ ಹೋಲಿಸಿ ನೋಡೋಣವೆಂದು ಒಂದಷ್ಟು ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಬತ್ತಿಸಿ ಶೀಷೆಯಲ್ಲಿಟ್ಟೆ. ಮಹಾಲಯದ ಹೊತ್ತಿಗೆ ಅದು ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು, ಭರಣಿಯದ್ದು ಇನ್ನೂ ಕೆಂಪಾಗಿಯೇ ಇತ್ತು. ಆಂಥೋಸಯಾನಿನ್‌ಗೆ ಬಿಸಿ ಆಗಿಬರುವುದಿಲ್ಲ. ಸ್ವಲ್ಪ ಅಡುಗೆ ಸೋಡಾ ಹಾಕಿದರೆ ಅದು ನೀಲಿಯತ್ತ ತಿರುಗುವುದನ್ನು ಮನೆಯ ಮಕ್ಕಳಿಗೆ ತೋರಿಸಿದ್ದೇನೆ; ಆಯಿ ಮಾತ್ರ ಒಂದು ಲೋಟ ಪಾನಕ ಹಾಳಾಯಿತೆಂದು ಬೇಸರಪಟ್ಟುಕೊಂಡರು.

ಹಾಗಾದರೆ ಹೆಕ್ಸೇನ್ ಬಿಟ್ಟು ನೀರನ್ನು ಬಳಸಿದರೆ ಪರಿಸರಸ್ನೇಹಿ ಎನ್ನಬಹುದೇ? ಇಲ್ಲಿಯೇ ಲೆಕ್ಕ ತಪ್ಪುವುದು. ಒಂದು ಕಿಲೋ ನೀರನ್ನು ಕುದಿಯುವ ಬಿಂದುವಿನಲ್ಲಿ ಆವಿಯಾಗಿಸಲು ಸುಮಾರು 2,257 ಕಿಲೋಜೌಲ್ ಶಾಖ ಬೇಕು. ಎಥನಾಲ್‌ಗೆ ಸುಮಾರು 840 ಸಾಕು, ಹೆಕ್ಸೇನ್‌ಗೆ ಇನ್ನೂ ಕಡಿಮೆ, ಸುಮಾರು 335. ಅಂದರೆ ದ್ರಾವಕವಾಗಿ ನೀರಿನಷ್ಟು ನಿರಪಾಯದ್ದು ಇನ್ನೊಂದಿಲ್ಲವಾದರೂ, ಅದನ್ನು ಬತ್ತಿಸಿ ಸಾರವನ್ನು ಗಟ್ಟಿ ಮಾಡಲು ಹೊರಟರೆ ಅಷ್ಟೇ ದುಬಾರಿಯಾದದ್ದೂ ಇನ್ನೊಂದಿಲ್ಲ. ಆ ಶಾಖ ಬೆಟ್ಟದ ಸೌದೆಯಿಂದ ಬರುವುದಾದರೆ ‘ನೀರಿನಿಂದ ತೆಗೆದ ಸಾರ’ ಎಂಬ ಹಸಿರು ಚೀಟಿಗೆ ಅರ್ಥವೇ ಉಳಿಯುವುದಿಲ್ಲ. ಕಬ್ಬಿನ ಕಾಕಂಬಿಯಿಂದ ಬರುವ ಎಥನಾಲ್ ಒಳ್ಳೆಯ ನಡುದಾರಿ, ಆದರೆ ಸಣ್ಣ ಘಟಕ ನಡೆಸುವವನಿಗೆ ಅದರ ಬೆಲೆಗಿಂತ ಅಬಕಾರಿ ಪರವಾನಗಿಯೇ ದೊಡ್ಡ ತಲೆನೋವು.

ಮುರುಗಲು ಬೀಜದ ತುಪ್ಪದಲ್ಲಿ ಈ ಬತ್ತಿಸುವ ತೊಂದರೆಯಿಲ್ಲ. ಒಣಗಿಸಿದ ಬೀಜವನ್ನು ಒಡೆದು, ಒರಳಿನಲ್ಲಿ ನುಣ್ಣಗೆ ಮಾಡಿ, ನೀರಿನಲ್ಲಿ ಬೇಯಿಸಿದರೆ ಕೊಬ್ಬು ತಾನಾಗಿ ಮೇಲೆ ತೇಲುತ್ತದೆ. ಒಲೆಯ ಮುಂದೆ ಕೂತ ನನಗೆ ಆಯಿಯ ಎಚ್ಚರಿಕೆ ಪ್ರತಿಸಲವೂ ಒಂದೇ: “ಬೆಂಕಿ ಜೋರು ಮಾಡಡ, ತಳ ಹಿಡೀತು.” ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಮಾಸಲು ಬಿಳುಪಿನ ಬಿಲ್ಲೆಯೊಂದು ಗಟ್ಟಿಯಾಗಿ ಕೂತಿರುತ್ತದೆ, ಅಂಚಿಗೆ ಸೌಟಿನ ಹಿಡಿ ತಾಗಿಸಿದರೆ ಇಡಿಯಾಗಿ ಎದ್ದು ಬರುತ್ತದೆ. ಹಿಂಡಿಯಲ್ಲಿ ಸಾಕಷ್ಟು ಕೊಬ್ಬು ಉಳಿದುಹೋಗುತ್ತದೆ ಎಂಬುದು ನಿಜ. ಇಳುವರಿಯಲ್ಲಿ ಹೆಕ್ಸೇನ್‌ನ ಎದುರು ಈ ವಿಧಾನ ನಿಲ್ಲದು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ವಸ್ತುವಿನಲ್ಲಿ ಪೆಟ್ರೋಲಿಯಂನ ಶೇಷವಿಲ್ಲ ಎಂಬುದಕ್ಕೆ ನಾನು ಆ ನಷ್ಟವನ್ನು ಒಪ್ಪಿಕೊಂಡಿದ್ದೇನೆ.

ಹೊಸ ಯಂತ್ರಗಳ ಬಗ್ಗೆ ಕೇಳುವವರಿದ್ದಾರೆ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿಗಿಂತ ಮೇಲಿನ ಉಷ್ಣತೆಯಲ್ಲಿ, ವಾಯುಮಂಡಲದ 73 ಪಟ್ಟಿಗಿಂತ ಹೆಚ್ಚಿನ ಒತ್ತಡದಲ್ಲಿ ಇರಿಸಿದರೆ ಅದು ಅನಿಲದಂತೆ ನುಸುಳುತ್ತದೆ, ದ್ರವದಂತೆ ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದೊಡನೆ ಆರಿಹೋಗಿ ಸಾರ ಮಾತ್ರ ಉಳಿಯುತ್ತದೆ. ಕಾಫಿಯಿಂದ ಕೆಫೀನ್ ತೆಗೆಯುವುದಕ್ಕೆ ಇದೇ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ನಮ್ಮ ಕಾಳುಮೆಣಸು, ಏಲಕ್ಕಿಗಳ ಪರಿಮಳಕ್ಕೂ ಇದು ಹೇಳಿ ಮಾಡಿಸಿದ್ದು. ಮುರುಗಲಿನ ಕೆಂಪಿಗೆ ಮಾತ್ರ ಒಗ್ಗುವುದಿಲ್ಲ, ಏಕೆಂದರೆ ಅದು ನೀರಿನಲ್ಲಿ ಕರಗುವ ಜಾತಿಯ ಬಣ್ಣ. ಶ್ರವಣಾತೀತ ಧ್ವನಿಯಿಂದ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ, ಅವು ಒಡೆಯುವ ಹೊಡೆತಕ್ಕೆ ಕೋಶದ ಗೋಡೆ ಬಿರಿಯುವಂತೆ ಮಾಡುವ ವಿಧಾನವೂ ಇದೆ. ಗಂಟೆಗಳ ಕೆಲಸ ನಿಮಿಷಗಳಲ್ಲಿ, ಹೆಚ್ಚು ಬಿಸಿಯಿಲ್ಲದೆ ಮುಗಿಯುತ್ತದೆ. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದ ನಮ್ಮ ಊರಿನಲ್ಲಿ ಇವೆಲ್ಲ ಸದ್ಯಕ್ಕೆ ಓದಿ ಸಂತೋಷಪಡುವ ವಿಷಯಗಳು.

ನನ್ನ ನಿಜವಾದ ಚಿಂತೆ ಉಪ್ಪಾಗೆಯದ್ದು. ಮುರುಗಲು ಮಳೆಗೆ ಮುನ್ನ ಹಣ್ಣಾದರೆ, ಅದೇ ಕುಲದ ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಇದರ ಸಿಪ್ಪೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿದರು. ಮುಂದೆ ಅದು ತೂಕ ಇಳಿಸುವ ಮಾತ್ರೆಯಾಗಿ ವಿದೇಶಗಳಲ್ಲಿ ಮಾರಾಟವಾಯಿತು. ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಪರಿಣಾಮವೇನೂ ಕಾಣಲಿಲ್ಲ ಎಂಬುದು ಬೇರೆ ಮಾತು. ಬೇಡಿಕೆಯಂತೂ ಕಾಡಿನವರೆಗೂ ಬಂದು ತಲುಪಿತು. ಕಾಯಿಗಾಗಿ ಟೊಂಗೆ ಕಡಿಯುವುದು, ಹಣ್ಣಾಗುವ ಮೊದಲೇ ಬಡಿದು ಉದುರಿಸುವುದು, ಮಳೆಯಲ್ಲಿ ಒಣಗಿಸಲು ಹಸಿ ಸೌದೆ ಉರಿಸುವುದು ಇವೆಲ್ಲ ಅದರ ಹಿಂದೆಯೇ ಬಂದವು. ಕಾರ್ಖಾನೆಯಲ್ಲಿ ಈ ಹುಳಿಯನ್ನು ಸಿಪ್ಪೆಯಿಂದ ಸೆಳೆಯುವುದು ಶುದ್ಧ ನೀರಿನಲ್ಲಿಯೇ. ಅಲ್ಲಿ ದ್ರಾವಕದ ಲೆಕ್ಕ ಬರೆಯುವವರ ಪುಸ್ತಕದಲ್ಲಿ ಇಲ್ಲಿ ಸುಟ್ಟ ಕಟ್ಟಿಗೆ ಎಲ್ಲಿಯೂ ಬರುವುದಿಲ್ಲ.

ಕೊಡಗಿನವರು ಈ ಹಣ್ಣಿನ ರಸವನ್ನು ತಾನಾಗಿ ಸೋರಲು ಬಿಟ್ಟು, ಆಮೇಲೆ ಬತ್ತಿಸಿ ಕಪ್ಪನೆಯ ಕಾಚಂಪುಳಿ ಮಾಡುತ್ತಾರೆ. ಸೋರಿಸುವ ಹಂತದವರೆಗೆ ಅದು ನಮ್ಮ ಭರಣಿಯಷ್ಟೇ ಹಗುರವಾದ ಕೆಲಸ, ಬತ್ತಿಸುವಾಗ ಮತ್ತೆ ಒಲೆಯೇ ಗತಿ.

ಹಾಗಾಗಿ ಎರಡು ಮಳೆಗಾಲದಿಂದ ನಾನು ಹೊಸ ಬೆಂಕಿ ಹಾಕುವುದನ್ನೇ ಬಿಟ್ಟಿದ್ದೇನೆ. ಮಲೆನಾಡಿನ ಮನೆಯಲ್ಲಿ ಮಳೆಗಾಲವಿಡೀ ಬಚ್ಚಲ ಒಲೆ ಹೇಗಿದ್ದರೂ ಉರಿಯುತ್ತಿರುತ್ತದೆ. ಅದರ ಮೇಲೆ ಆಳೆತ್ತರದಲ್ಲಿ ಅಡಿಕೆ ದಬ್ಬೆಯ ಅಟ್ಟ ಕಟ್ಟಿ, ತಾನಾಗಿ ಉದುರಿದ ಉಪ್ಪಾಗೆ ಹಣ್ಣನ್ನು ಮಾತ್ರ ಹೆಕ್ಕಿ ತಂದು ಸಿಪ್ಪೆ ಹರಡುತ್ತೇನೆ. ಒಣಗಲು ಎಂಟು ಹತ್ತು ದಿನ ಹಿಡಿಯುತ್ತದೆ, ಹೊಗೆಯ ವಾಸನೆ ಬಿಡುವುದಿಲ್ಲ, ಮೂಲೆಯ ಸಿಪ್ಪೆಗಳಿಗೆ ಒಮ್ಮೊಮ್ಮೆ ಬೂಷ್ಟು ಬರುತ್ತದೆ. ಈ ಸಲ ದಬ್ಬೆಗಳ ನಡುವಿನ ಸಂದನ್ನು ಬೆರಳಿನಷ್ಟು ಅಗಲ ಮಾಡಿ, ಮೂಲೆಯ ಎರಡು ಹೆಂಚು ಸರಿಸಿ ಗಾಳಿಗೆ ದಾರಿ ಬಿಟ್ಟಿದ್ದೇನೆ.