ಹುಳದ ಮನೆಯಲ್ಲೊಂದು ಬೈಬಲ್ ನೋಟ್‌ಬುಕ್: ಮೂರು ಬೆಳೆ ಕಳೆದ ಮೇಲೆ

ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಎಂಬತ್ತೊಂದು ಪುಟ ತುಂಬಿದೆ. ಅದರಲ್ಲಿ ಹನ್ನೆರಡು ಪುಟಕ್ಕೆ ಅಡ್ಡಗೆರೆ ಬಿದ್ದಿದೆ, ಆ ಕತೆ ಆಮೇಲೆ. ಬೈಬಲ್ಲಿಗೆ ಬಾಯಿಗೆ ಬಂದ ಅರ್ಥ ಕೊಡೋದು ಬಿಟ್ಟು, ಅದು ಏನು ಹೇಳುತ್ತೋ ಅದನ್ನು ಓದೋಕೆ ಕಲಿಯೋಣ ಅಂತ ಕೂತು ಮೂರು ಬೆಳೆ ಆಯಿತು. ಶಿಡ್ಲಘಟ್ಟದ ಕಡೆ ರೇಷ್ಮೆಯವರಿಗೆ ತಿಂಗಳಿಗಿಂತ ಬೆಳೆಯ ಲೆಕ್ಕವೇ ಸಲೀಸು. ಚಾಕಿ ಹುಳ, ಅಂದರೆ ಮರಿಹುಳ, ತಂದ ಹೊಸದರಲ್ಲಿ ರಾತ್ರಿ ಒಂದು ಗಂಟೆ ಸಿಗುತ್ತೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಸೊಪ್ಪು ಹಾಕೋದರಲ್ಲೇ ಹಗಲು ರಾತ್ರಿ ಒಂದಾಗುತ್ತೆ, ನೋಟ್‌ಬುಕ್ ಗೂಡು ಮಾರಿದ ಚೀಟಿಗಳ ಜೊತೆ ಗೂಟಕ್ಕೆ ನೇತಾಡುತ್ತಿರುತ್ತೆ.

ಮೊದಲ ಬೆಳೆ

ಶುರುವಾದದ್ದು ಸಿಟ್ಟಿನಿಂದ. ಹೊಸ ವರ್ಷದ ಹಿಂದಿನ ರಾತ್ರಿ ಆರಾಧನೆಯಲ್ಲಿ ವರ್ಷಕ್ಕೊಂದು ಬೈಬಲ್ ವಚನ ಅಂತ ಎತ್ತುವ ವಾಗ್ದಾನದ ಕಾರ್ಡ್ ಎತ್ತಿದೆ, ಯೆರೆಮೀಯ 29:11 ಬಂತು. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಹಿತದ್ದೇ, ಅಹಿತದ್ದಲ್ಲ ಅನ್ನುವ ವಚನ. ಹುಳದ ಮನೆಯ ಬಾಗಿಲಿಗೆ ಅಂಟಿಸಿದೆ. ಆ ಬೆಳೆಗೆ ಸುಣ್ಣಕಟ್ಟು ರೋಗ ಬಡಿಯಿತು. ಮುಟ್ಟಿದರೆ ಸೀಮೆಸುಣ್ಣದ ಕಡ್ಡಿ ಹಿಡಿದ ಹಾಗೆ, ತಟ್ಟೆ ತಟ್ಟೆ ಹುಳ ಸೆಟೆದು ಬಿದ್ದಿತ್ತು. ಕಾರ್ಡ್ ಕಿತ್ತುಕೊಂಡು ಹೋಗಿ ನಮ್ಮ ಸಭೆಯ ಪಾಸ್ಟರ್ ಅಯ್ಯನೋರ ಮುಂದೆ ಇಟ್ಟೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. “ಇದು ಯಾರಿಗೋ ಬರೆದ ಕಾಗದ ತಮ್ಮ. ವಿಳಾಸ ನೋಡಿದ್ಯಾ?” ಅಂದರು.

ವಿಳಾಸ ಅದೇ ಅಧ್ಯಾಯದ ಮೊದಲನೇ ವಚನದಲ್ಲಿತ್ತು. ಕ್ರಿ.ಪೂ. 597ರಲ್ಲಿ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ದವರಿಗೆ ಪ್ರವಾದಿ ಯೆರೆಮೀಯ ಕಳಿಸಿದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿಗೇ ಒಳ್ಳೆಯದನ್ನು ಬೇಡಿ ಅನ್ನುತ್ತಾನೆ. ಹತ್ತನೇ ವಚನದಲ್ಲಿ ಎಪ್ಪತ್ತು ವರ್ಷ ಅಂತ ಗಡುವು ಹೇಳಿ, ಆಮೇಲೆ ನನ್ನ ಕಾರ್ಡಿನ ಮಾತಿಗೆ ಬರುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂದಿದ್ದ. ಸುಳ್ಳು ಹೇಳಿದವನು ಅವನು. ಅಂದರೆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹಳ ಮಂದಿ ಬಾಬೆಲಿನಲ್ಲೇ ಮಣ್ಣಾದರು. ನಾನು ಓದಿಕೊಂಡಿದ್ದು ಹನನ್ಯನ ಕಾರ್ಡನ್ನು, ಅದೂ ಎರಡು ವರ್ಷ ಕಾಯುವ ಮನಸ್ಸಿಲ್ಲದೆ ಇಪ್ಪತ್ತೈದು ದಿನದ ಬೆಳೆಗೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಯ್ಯನೋರು ಹೇಳಿದ್ದನ್ನು ಬರೆದಿಟ್ಟಿದ್ದೇನೆ: ‘ನನಗೇನು ಹೇಳುತ್ತೆ’ ಅನ್ನೋ ಪ್ರಶ್ನೆ ಮೂರನೆಯದು. ಮೊದಲನೆಯದು ‘ಏನು ಬರೆದಿದೆ’, ಎರಡನೆಯದು ‘ಮೊದಲು ಕೇಳಿಸಿಕೊಂಡವರಿಗೆ ಏನು ಅರ್ಥವಾಯಿತು’.

ಎರಡನೇ ಬೆಳೆ

ಕೈಬರಹದ ಬೆಳೆ ಇದು. ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರವನ್ನು ಅಧ್ಯಾಯದ ಅಂಕಿ, ವಚನದ ಅಂಕಿ ಎಲ್ಲ ಬಿಟ್ಟು ಒಂದೇ ಓಟಕ್ಕೆ ನಕಲು ಮಾಡಿದೆ. ಅಧ್ಯಾಯದ ಅಂಕಿ ಹಾಕಿದವನು ಸ್ಟೀಫನ್ ಲ್ಯಾಂಗ್ಟನ್, ಹದಿಮೂರನೇ ಶತಮಾನದವನು. ಹೊಸ ಒಡಂಬಡಿಕೆಗೆ ಈಗಿರುವ ವಚನದ ಅಂಕಿ ಬಂದದ್ದು 1551ರಲ್ಲಿ, ರೋಬೆರ್ ಎಸ್ತಿಯೆನ್ ಅನ್ನುವ ಮುದ್ರಕನಿಂದ. ಪೌಲ ಅಂಕಿ ಹಾಕಿ ಬರೆದಿರಲಿಲ್ಲ. ಹುಡುಕೋಕೆ ಒಳ್ಳೆಯದು, ಓದೋಕೆ ಅಡ್ಡಿ. 104 ವಚನ, ನಾಲ್ಕು ರಾತ್ರಿ ಹಿಡಿಯಿತು. ‘ಆದಕಾರಣ’, ‘ಯಾಕಂದರೆ’, ‘ಆದರೆ’ ಬಂದ ಕಡೆಯೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೆ. ಪತ್ರದ ಕೀಲುಗಳೆಲ್ಲ ಅಲ್ಲೇ ಇರೋದು.

ನಮ್ಮ ಹುಡುಗರು ಬೈಕಿನ ಮೇಲೆ ಬರೆಸಿಕೊಳ್ಳುವ ಮಾತೊಂದು ಇದೇ ಪತ್ರದ್ದು, ‘ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅನ್ನುವ 4:13. ಹಿಂದಿನ ಎರಡು ವಚನ ಕೈಯಾರೆ ಬರೆದಾಗ ಕಂಡದ್ದು, ‘ಎಲ್ಲಕ್ಕೂ’ ಅಂದರೆ ಹಸಿದಿರೋಕೂ ಹೊಟ್ಟೆ ತುಂಬಿರೋಕೂ, ಇದ್ದಾಗಲೂ ಇಲ್ಲದಾಗಲೂ. ಬರೆದವನು ಸೆರೆಮನೆಯಲ್ಲಿದ್ದ. ಇನ್ನೂ ಖುಷಿ ಕೊಟ್ಟದ್ದು 18ನೇ ವಚನ. ಫಿಲಿಪ್ಪಿಯವರು ಎಪಫ್ರೊದೀತ ಅನ್ನುವವನ ಕೈಲಿ ಕಳಿಸಿದ್ದೆಲ್ಲ ಮುಟ್ಟಿತು ಅನ್ನೋಕೆ ಪೌಲ ಬಳಸಿದ ಗ್ರೀಕ್ ಪದ ಆ ಕಾಲದ ರಸೀತಿಗಳಲ್ಲಿ ಬರೆಯುತ್ತಿದ್ದ ಪದವೇ. ಮಾರುಕಟ್ಟೆಯಲ್ಲಿ ಗೂಡು ತೂಗಿಸಿ, ದುಡ್ಡು ಎಣಿಸಿಕೊಂಡು ಚೀಟಿ ಮಡಿಸುವವನಿಗೆ ಆ ಪದದ ತೂಕ ಗೊತ್ತಾಗುತ್ತೆ.

ಪದ ಅಂದ ಕೂಡಲೇ ಒಂದು ಪ್ರಸಂಗ ನೆನಪಾಯಿತು. ಬೆಂಗಳೂರಿನಿಂದ ಬಂದ ಭಾಮೈದ, ಅಮ್ಮ ಫೋನಲ್ಲಿ “ಹುಳಕ್ಕೆ ಮೂರನೇ ಜ್ವರ, ಈವತ್ತು ಸೊಪ್ಪು ಹಾಕಲ್ಲ” ಅಂದದ್ದು ಕೇಳಿ, ಔಷಧಿ ತರಲಾ ಅಂದ. ಜ್ವರ ಅಂದರೆ ಇಲ್ಲಿ ರೋಗವಲ್ಲ, ಹುಳ ಮೇವು ಬಿಟ್ಟು, ತಲೆ ಎತ್ತಿ ಕೂತು ಪೊರೆ ಬಿಡುವ ಹೊತ್ತು. ನಾಲ್ಕು ಸಲ ಬರುತ್ತೆ, ಬರದಿದ್ದರೇ ತೊಂದರೆ. ಆಮೇಲೆ ಹುಳ ‘ಹಣ್ಣಾಗುತ್ತೆ’, ಅಂದರೆ ಗೂಡು ಕಟ್ಟೋಕೆ ತಯಾರಾಗುತ್ತೆ, ಅದನ್ನು ಗೂಡು ಕಟ್ಟುವ ತಟ್ಟೆಗೆ, ಚಂದ್ರಿಕೆಗೆ, ಬಿಡುತ್ತೇವೆ. ನಿಘಂಟು ಹಿಡಿದು ಕೂತರೆ ಕಾಯಿಲೆ, ಮಾವಿನ ಹಣ್ಣು, ಆಕಾಶದ ಚಂದ್ರ ಎಲ್ಲ ಸೇರಿ ಬೇರೆಯೇ ಕತೆಯಾಗುತ್ತೆ. ಪದಕ್ಕೆ ಅರ್ಥ ಕೊಡೋದು ಅದನ್ನಾಡುವ ಮಂದಿ. ಅಂದಿನಿಂದ ಬೈಬಲ್ಲಿನ ಯಾವ ದೊಡ್ಡ ಪದ ಬಂದರೂ ಅದೇ ಲೇಖಕ ಆ ಪದವನ್ನು ಇನ್ನೆಲ್ಲಿ ಹೇಗೆ ಆಡಿದ್ದಾನೆ ಅಂತ ಮೊದಲು ನೋಡುತ್ತೇನೆ. ನಮ್ಮ ಕೈಗೆ ಬಂದಿರೋದೂ ಅನುವಾದವೇ ತಾನೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕೈ ಹಚ್ಚಿದ ಕೆಲಸ, ಇಡೀ ಬೈಬಲ್ ಕನ್ನಡದಲ್ಲಿ ಆಗುವಷ್ಟರಲ್ಲಿ 1831 ಆಗಿತ್ತು. ಆಮೇಲೂ ತಿದ್ದುತ್ತಲೇ ಬಂದಿದ್ದಾರೆ.

ನಮ್ಮ ನೆಲದಿಂದಲೇ ಸಲೀಸಾಗಿ ಬಿಡಿಸಿಕೊಂಡ ಜಾಗಗಳೂ ಇವೆ. ಮಾರ್ಕ 2ರಲ್ಲಿ ನಾಲ್ವರು ಲಕ್ವ ಹೊಡೆದವನನ್ನು ಚಾವಣಿ ಅಗೆದು ಇಳಿಸುತ್ತಾರೆ. ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ನನ್ನ ಮಗಳಿಗೆ ಇದು ಸಿನಿಮಾ. ನನಗೆ ಅಜ್ಜಿಯ ಮಣ್ಣಿನ ಮಾಳಿಗೆ ಕಣ್ಣಿಗೆ ಬಂತು: ತೊಲೆ, ಅದರ ಮೇಲೆ ಅಡ್ಡ ಕಡ್ಡಿ, ಸೊಪ್ಪು, ಮೇಲೆ ಮಣ್ಣು, ಮಳೆಗಾಲಕ್ಕೆ ಮೊದಲು ಮತ್ತೊಂದು ಪದರ ಚೌಳು ಮಣ್ಣು. ಆ ಕತೆ ನಡೆದ ಕಪೆರ್ನೌಮಿನ ಮನೆಗಳ ಚಾವಣಿಯೂ ಕೊಂಬೆ, ಮಣ್ಣಿನದೇ. ಗುದ್ದಲಿ ಇದ್ದರೆ ಅಗೆಯಬಹುದು, ಮಾರನೇ ದಿನ ಮೆತ್ತಬಹುದು. ಕೆಳಗೆ ಕೂತವರ ತಲೆ ಮೇಲೆ ಮಣ್ಣು ಉದುರಿದ್ದಂತೂ ಖಂಡಿತ. ಅದೇ ಕತೆಯನ್ನು ಲೂಕ ಹೇಳುವಾಗ ಹೆಂಚು ಅನ್ನುತ್ತಾನೆ, ಬಹುಶಃ ಹೆಂಚಿನ ಮನೆಗಳ ಪಟ್ಟಣದ ಓದುಗರಿಗೆ ಅರ್ಥವಾಗಲಿ ಅಂತ. ಕೀರ್ತನೆ 129ರಲ್ಲಿ ಮಾಳಿಗೆಯ ಮೇಲೆ ಹುಟ್ಟಿ ಬೆಳೆಯುವ ಮೊದಲೇ ಒಣಗುವ ಹುಲ್ಲು ಬರುತ್ತೆ. ಅಜ್ಜಿ ಮಾಳಿಗೆ ಹತ್ತಿಸಿ ಆ ಹುಲ್ಲು ಕೀಳಿಸಿದ್ದು ನನ್ನ ಕೈಯಿಂದಲೇ. (ಜ್ಞಾನೋಕ್ತಿ 27ರಲ್ಲಿ ಸೋರುವ ಮನೆಗೂ ಜಗಳಗಂಟಿ ಹೆಂಡತಿಗೂ ಹೋಲಿಕೆ ಇದೆ. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಿಲ್ಲ.)

ಧರ್ಮೋಪದೇಶಕಾಂಡ 11ರಲ್ಲಿ ಐಗುಪ್ತದ (ಈಜಿಪ್ಟಿನ) ಹೊಲಕ್ಕೆ ಕಾಲಿನಿಂದ ನೀರು ಕಟ್ಟುತ್ತಿದ್ದಿರಿ, ಮುಂದೆ ಹೋಗುವ ನಾಡು ಆಕಾಶದ ಮಳೆ ಕುಡಿಯುವ ನಾಡು ಅಂತಿದೆ. ಪಾತಿಯ ಬಾಯಿಗೆ ಹಿಮ್ಮಡಿಯಲ್ಲೇ ಮಣ್ಣು ಸರಿಸಿ ನೀರು ತಿರುಗಿಸಿದವರಿಗೆ ಟೀಕೆ ಬೇಕಿಲ್ಲ. ನಮ್ಮ ಕೆರೆಗಳಿಗೆ ಈಗ ಬರುವುದು ನೈಲ್ ನದಿಯದೂ ಅಲ್ಲ, ಆಕಾಶದ್ದೂ ಅಲ್ಲ, ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಶುದ್ಧೀಕರಿಸಿ ಬಿಟ್ಟ ಕೊಳಚೆ ನೀರು. ಆ ಮಾತು ಆಡಿದ ಮೋಶೆ ಅದಕ್ಕೆ ಏನನ್ನುತ್ತಿದ್ದನೋ!

ಬರಹದ ಜಾತಿ ನೋಡಬೇಕು ಅನ್ನೋ ಪಾಠ ಬೇಗ ಮುಗಿಯಿತು, ಗಾದೆ ಗೊತ್ತಿದ್ದವರಿಗೆ ಅದು ಕಷ್ಟವಲ್ಲ. ಮೂಢನಿಗೆ ಉತ್ತರ ಕೊಡಬೇಡ ಅಂತ ಜ್ಞಾನೋಕ್ತಿ 26:4, ಉತ್ತರ ಕೊಡು ಅಂತ 26:5. ನಮ್ಮಲ್ಲೂ ‘ತಾಳಿದವನು ಬಾಳಿಯಾನು’ ಇದೆ, ‘ಆಲಸ್ಯಂ ಅಮೃತಂ ವಿಷಂ’ ಇದೆ. ಯಾವುದನ್ನು ಯಾವಾಗ ಆಡಬೇಕು ಅನ್ನೋದೇ ಜಾಣತನ. ಗಾದೆಯನ್ನು ಕರಾರುಪತ್ರದ ಹಾಗೆ ಹಿಡಿದು ದೇವರ ಹತ್ತಿರ ವಸೂಲಿಗೆ ಹೋಗೋದು ತಪ್ಪು.

ಮೂರನೇ ಬೆಳೆ, ಹನ್ನೆರಡು ಪುಟ

ಇಷ್ಟೆಲ್ಲ ಕಲಿತೆ ಅನ್ನೋ ಧೈರ್ಯದಲ್ಲಿ ಬಿದ್ದದ್ದು ಇಲ್ಲಿ. ಲೂಕ 17:6ರಲ್ಲಿ ಸಾಸಿವೆಕಾಳಿನಷ್ಟು ನಂಬಿಕೆ ಇದ್ದರೆ ಈ ಮರಕ್ಕೆ ‘ಬೇರು ಸಹಿತ ಕಿತ್ತು ಹೋಗಿ ಸಮುದ್ರದಲ್ಲಿ ನೆಟ್ಟುಕೋ’ ಅನ್ನಬಹುದು ಅಂತಿದೆ. ಯಾವ ಮರ ಅಂತ ಹುಡುಕಿದೆ. ಗ್ರೀಕಿನಲ್ಲಿ ಸಿಕಮಿನೋಸ್. ಸಾಮಾನ್ಯವಾಗಿ ಅದನ್ನು ಕಪ್ಪು ಹಿಪ್ಪುನೇರಳೆ ಅನ್ನುತ್ತಾರೆ. ಹಿಪ್ಪುನೇರಳೆ, ನಮ್ಮ ಹುಳದ ಮೇವು! ಯೇಸುವಿನ ಬಾಯಲ್ಲಿ ನಮ್ಮ ತೋಟ! ಮೂರು ರಾತ್ರಿ ನಿದ್ದೆಗೆಟ್ಟು ಹನ್ನೆರಡು ಪುಟ ಬರೆದೆ: ಸೊಪ್ಪು ಅಂದರೆ ವಾಕ್ಯ, ಹುಳ ಅಂದರೆ ವಿಶ್ವಾಸಿ, ನಾಲ್ಕು ಜ್ವರ ಅಂದರೆ ನಾಲ್ಕು ಶೋಧನೆ, ಗೂಡು ಅಂದರೆ ಸಮಾಧಿ, ಚಿಟ್ಟೆ ಅಂದರೆ ಪುನರುತ್ಥಾನ. ನಮ್ಮ ಮನೆಯಲ್ಲಿ ಸಭೆಯವರು ಸೇರಿದ ಕಾಟೇಜ್ ಪ್ರೇಯರ್‌ನಲ್ಲಿ ಅರ್ಧ ಗಂಟೆ ಮಾತಾಡಿದೆ. ಹೆಂಗಸರು ಕಣ್ಣು ಒರೆಸಿಕೊಂಡರು. ಗೂಡಿನಿಂದ ಚಿಟ್ಟೆ ಹೊರಬಂದರೆ ಆ ಗೂಡನ್ನು ನೂಲು ತೆಗೆಯುವ ರೀಲರ್ ಮೂಸಿಯೂ ನೋಡಲ್ಲ ಅನ್ನೋದು ನನಗಾಗಲಿ, ಅಲ್ಲಿದ್ದ ಇಪ್ಪತ್ತು ಜನ ರೇಷ್ಮೆಯವರಿಗಾಗಲಿ ಹೊಳೆಯಲಿಲ್ಲ.

ಅಯ್ಯನೋರು ಕಾಫಿ ಲೋಟ ಕೆಳಗಿಟ್ಟರು. “ಚೆನ್ನಾಗಿತ್ತು ತಮ್ಮ. ಲೂಕ ಇದರಲ್ಲಿ ಎಷ್ಟು ಹೇಳಿದ? ಹಿಂದಿನ ಮೂರು ವಚನ ಎಲ್ಲರಿಗೂ ಕೇಳೋ ಹಾಗೆ ಓದು.”

ಓದಿದೆ. ನಿನ್ನ ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪ ಪಟ್ಟರೆ ಕ್ಷಮಿಸು. ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲ ಬಂದರೂ ಕ್ಷಮಿಸು. ಅದನ್ನು ಕೇಳಿ ಬೆಚ್ಚಿದ ಅಪೊಸ್ತಲರು ನಮ್ಮ ನಂಬಿಕೆ ಹೆಚ್ಚಿಸು ಅನ್ನುತ್ತಾರೆ. ಮರದ ಮಾತು ಬರೋದು ಆಗ. ಅಲ್ಲಿ ಸೊಪ್ಪೂ ಇಲ್ಲ, ಹುಳವೂ ಇಲ್ಲ. ಆ ಮರ ನಾವು ಬೆಳೆಬೆಳೆಗೂ ಕತ್ತರಿಸುವ ಗಿಡವೂ ಅಲ್ಲ, ಹಣ್ಣಿಗೆ ಬೆಳೆಸುವ, ಬೇರು ಬಿಟ್ಟ ದೊಡ್ಡ ಮರ. ಕೀಳೋಕಾಗದ್ದು ಅನ್ನೋದಕ್ಕೇ ಅದನ್ನು ತೋರಿಸಿದ್ದು.

ಗೋಡೆಗೆ ಒರಗಿ ನಮ್ಮಣ್ಣ ಕೂತಿದ್ದ. ಅಮ್ಮ ಕರೆದಳು ಅಂತ ಬಂದಿದ್ದ. ಇಬ್ಬರಿಗೂ ಇರೋದು ಒಂದೇ ಬೋರ್‌ವೆಲ್, ಮೋಟಾರಿನ ಸರದಿಗೆ ಮಾತು ಬಿಟ್ಟು ವರ್ಷದ ಮೇಲಾಗಿದೆ. ಅರ್ಧ ಗಂಟೆ ಅವನ ಮುಂದೆ ನಿಂತು ಹುಳದ ಜ್ವರಕ್ಕೆಲ್ಲ ಅರ್ಥ ಹೇಳಿದ್ದೆ. ಅವನು ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಆ ರಾತ್ರಿ ಹನ್ನೆರಡು ಪುಟಕ್ಕೂ ಅಡ್ಡಗೆರೆ ಎಳೆದೆ. ಹರಿದುಹಾಕಲು ಅಯ್ಯನೋರು ಬಿಡಲಿಲ್ಲ.

ಈಗಿನ ಸ್ಥಿತಿ

ನಾಲ್ಕನೇ ಬೆಳೆಯ ಚಾಕಿ ಗುರುವಾರ ಬರುತ್ತೆ. ಲೂಕ 15ರಿಂದ 17ರವರೆಗೆ ಅಂಕಿ ಬಿಟ್ಟು ನಕಲು ಮಾಡೋದು ಕಾಲುಭಾಗ ಆಗಿದೆ, ದುಂದುಗಾರ ಮಗನ ಕತೆಯ ದೊಡ್ಡಣ್ಣ ಮನೆಯೊಳಗೆ ಬರಲ್ಲ ಅಂತ ಹೊರಗೆ ನಿಂತಲ್ಲಿಗೆ ಪೆನ್ನು ನಿಂತಿದೆ. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬಾಕಿ ಅಂತ ಬರೆದಿರೋದು ಮೂರು: ಕೀರ್ತನೆಗಳಲ್ಲಿ ಒಂದೇ ಮಾತು ಎರಡು ಸಾಲಲ್ಲಿ ತಿರುಗಿ ಬರುವುದನ್ನು ಗುರುತು ಹಾಕೋದು, ಪ್ರಕಟನೆ ಪುಸ್ತಕವನ್ನು ಸದ್ಯ ಮುಟ್ಟದೆ ಇರೋದು, ಮೋಟಾರಿನ ಸರದಿ.